ಪದ ಬಂತು, ಪ್ರಸಂಗ ಬರಲಿಲ್ಲ

ಲ್ಯಾಕ್ಮೆ ಎಂಬ ಹೆಸರು ಎಲ್ಲಿಯದು ಎಂದು ಕಾಡಿಗೆ, ಲಿಪ್‌ಸ್ಟಿಕ್ ಕೊಳ್ಳುವವರನ್ನು ಕೇಳಿ ನೋಡಿ. ಯಾವುದೋ ಫ್ರೆಂಚ್ ಕಂಪನಿಯದು ಎನ್ನುವವರಿದ್ದಾರೆ. ಅಲ್ಲ, ನಮ್ಮ ಲಕ್ಷ್ಮಿಯೇ ಎನ್ನುವವರೂ ಇದ್ದಾರೆ. ಇಬ್ಬರದೂ ಅರ್ಧ ಸರಿ. 1952ರಲ್ಲಿ ಟಾಟಾದವರು ಸಂಸ್ಥೆ ಶುರು ಮಾಡಿದಾಗ ಹೆಸರನ್ನು ಎತ್ತಿಕೊಂಡದ್ದು ಒಂದು ಫ್ರೆಂಚ್ ಒಪೆರಾದಿಂದ. ಲಿಯೊ ಡೆಲಿಬ್ ಸಂಗೀತ ಕೊಟ್ಟ ‘ಲಾಕ್ಮೆ’ 1883ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂತು. ಲಕ್ಷ್ಮಿ ಅಲ್ಲಿಗೆ ಹೋಗಿ ಲಾಕ್ಮೆಯಾಗಿ ನಮ್ಮ ಅಂಗಡಿಗೆ ಮರಳಿದಳು. ಕಥೆ ಅಲ್ಲೇ ಉಳಿಯಿತು.

ಆ ಒಪೆರಾದ ಹೂವಿನ ಯುಗಳಗೀತೆಯನ್ನು ಬ್ರಿಟಿಷ್ ಏರ್‌ವೇಸ್ ವರ್ಷಗಟ್ಟಲೆ ತನ್ನ ಜಾಹೀರಾತಿಗೆ ಬಳಸಿತು. ಎರಡು ಹೆಣ್ಣು ದನಿಗಳು ಬಳ್ಳಿಯಂತೆ ಹೆಣೆದುಕೊಂಡು ಏರುವುದನ್ನು ಕೇಳಿದವರು ಅದನ್ನು ಪ್ರೇಮಗೀತೆ ಎಂದೇ ತಿಳಿಯುತ್ತಾರೆ. ಅಲ್ಲಿ ಪ್ರೇಮಿಯೇ ಇಲ್ಲ. ಪುರೋಹಿತ ನೀಲಕಂಠನ ಮಗಳು ಲಾಕ್ಮೆ, ಅವಳ ದಾಸಿ ಮಲ್ಲಿಕಾ ಇಬ್ಬರೂ ಹೂ ಕೊಯ್ಯಲು ಹೊಳೆಗೆ ಹೊರಟಿದ್ದಾರೆ, ಅಷ್ಟೇ. ಇನ್ನೂ ಕಿವಿಗೊಟ್ಟರೆ ನಡುವೆ ಒಂದು ಅಳುಕು ಕೇಳಿಸುತ್ತದೆ: ಅಪ್ಪ ಒಬ್ಬನೇ ಬಿಳಿಯರ ಊರಿಗೆ ಹೋದಾಗ ನನಗೆ ಭಯವಾಗುತ್ತದೆ ಎನ್ನುತ್ತಾಳೆ ಮಗಳು. ಬ್ರಿಟಿಷರ ಆಳ್ವಿಕೆಗೆ ಹೆದರುವ ಹುಡುಗಿಯ ಹಾಡು ಬ್ರಿಟಿಷ್ ವಿಮಾನದ ಜಾಹೀರಾತಾಯಿತು. ಕೊನೆಗೆ ಅವಳು ಬ್ರಿಟಿಷ್ ಅಧಿಕಾರಿ ಜೆರಾಲ್ಡನನ್ನೇ ಪ್ರೀತಿಸಿ, ಅವನ ಮನಸ್ಸು ದಂಡಿನ ಕಡೆ ತಿರುಗಿದ್ದು ಕಂಡು, ದತ್ತೂರದ ಎಲೆ ತಿಂದು ಸಾಯುತ್ತಾಳೆ.

ಇದನ್ನು ಭಾರತದ ಕಥೆ ಎಂದುಕೊಳ್ಳುವುದೂ ತಪ್ಪೇ. ಎರಡನೇ ಅಂಕದಲ್ಲಿ ಲಾಕ್ಮೆ ಹೇಳುವ ಕಥೆಯಲ್ಲಿ ವಿಷ್ಣು ಬ್ರಹ್ಮನ ಮಗ! ಹೊಕ್ಕುಳ ಕಮಲದ ಕಥೆ ಬಲ್ಲ ನಮ್ಮ ಯಾವ ಅಜ್ಜಿಯೂ ಇದನ್ನು ಕೇಳಿ ಸುಮ್ಮನಿರುತ್ತಿರಲಿಲ್ಲ. ಬರೆದವರು ಗೊಂದಿನೆ ಮತ್ತು ಜಿಲ್ ಎಂಬ ಇಬ್ಬರು ಫ್ರೆಂಚರು; ಅವರಿಗೆ ಬೇಕಿದ್ದದ್ದು ಪ್ಯಾರಿಸ್ಸಿನ ಜನ ಕನಸು ಕಾಣುತ್ತಿದ್ದ ಪೂರ್ವದೇಶ.

ಹೀಗೆ ಒಪೆರಾಕ್ಕಾಗಿ ಬರೆದ ಸಾಹಿತ್ಯಕ್ಕೆ ಲಿಬ್ರೆಟ್ಟೊ ಎನ್ನುತ್ತಾರೆ. ಇಟಾಲಿಯನ್ನಿನಲ್ಲಿ ಹಾಗೆಂದರೆ ಚಿಕ್ಕ ಪುಸ್ತಕ. ನಮ್ಮ ಯಕ್ಷಗಾನದ ಪ್ರಸಂಗಪುಸ್ತಕ ಇದ್ದ ಹಾಗೆ ಎನ್ನಬಹುದು. ಒಪೆರಾ ಕುರಿತ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಪ್ರಸಂಗವನ್ನು ಬಿಟ್ಟು ಪದ ಮಾತ್ರ ಊರೂರು ಅಲೆದದ್ದರಿಂದ ಹುಟ್ಟಿದವು ಎಂದು ನನಗನ್ನಿಸುತ್ತದೆ.

ಪಿಜ್ಜಾ, ಪಾಸ್ತಾ ಮಾರುವವರೆಲ್ಲ ಬಳಸಿ ಸವೆಸಿದ ‘ಲಾ ದೋನ್ನಾ ಎ ಮೋಬಿಲೆ’ಯನ್ನೇ ನೋಡಿ. ಹೆಣ್ಣಿನ ಮನಸ್ಸು ಗಾಳಿಗೆ ಸಿಕ್ಕ ಗರಿ ಎಂಬರ್ಥದ ಈ ಹಾಡನ್ನು ಸಂಗೀತ ಕೊಟ್ಟ ವರ್ಡಿಯ ಅಭಿಪ್ರಾಯವೆಂದೇ ನಂಬಿ, ಅವನೊಬ್ಬ ಹೆಣ್ಣುದ್ವೇಷಿ ಎಂದು ಬೈಯುವವರಿದ್ದಾರೆ. ಹಾಡು ಇರುವುದು 1851ರಲ್ಲಿ ವೆನಿಸ್ಸಿನಲ್ಲಿ ಮೊದಲ ಪ್ರದರ್ಶನ ಕಂಡ ‘ರಿಗೊಲೆಟ್ಟೊ’ದಲ್ಲಿ. ಹಾಡುವವನು ಮಾಂಟುವಾದ ಡ್ಯೂಕ್, ಸಿಕ್ಕ ಸಿಕ್ಕ ಹೆಣ್ಣಿನ ಬೆನ್ನು ಹತ್ತುವ ಲಂಪಟ. ಅವನ ಆಸ್ಥಾನದ ಗೂನುಬೆನ್ನಿನ ವಿದೂಷಕ ರಿಗೊಲೆಟ್ಟೊ. ಮಗಳು ಜಿಲ್ಡಾಳನ್ನು ಕೆಡಿಸಿದ ಡ್ಯೂಕನನ್ನು ಕೊಲ್ಲಿಸಲು ಅವನು ಬಾಡಿಗೆ ಕೊಲೆಗಾರನಿಗೆ ಹಣ ಕೊಡುತ್ತಾನೆ. ಗುಡುಗು ಮಿಂಚಿನ ರಾತ್ರಿ ಹೆಣ ತುಂಬಿದ ಚೀಲ ಕೈಗೆ ಬರುತ್ತದೆ. ಅದನ್ನು ನದಿಗೆಸೆಯಬೇಕು, ಅಷ್ಟರಲ್ಲಿ ದೂರದಿಂದ ಅದೇ ಹಾಡು, ಅದೇ ದನಿ. ಡ್ಯೂಕ್ ಬದುಕಿದ್ದಾನೆ! ಹಾಗಾದರೆ ಚೀಲದಲ್ಲಿ ಯಾರು? ತನ್ನನ್ನು ವಂಚಿಸಿದವನನ್ನು ಉಳಿಸಲು ತಾನೇ ಕತ್ತಿಗೆ ಎದೆಯೊಡ್ಡಿದ ಜಿಲ್ಡಾ.

ಹೆಣ್ಣು ಚಂಚಲೆ ಎಂದು ಹಾಡುವವನೇ ಚಂಚಲ, ಅದನ್ನು ಸುಳ್ಳು ಮಾಡಿದವಳು ಚೀಲದಲ್ಲಿ. ವರ್ಡಿ ಆ ರಾಗವನ್ನು ಬೇಕೆಂದೇ ಅಷ್ಟು ಹಗುರಾಗಿ, ಒಮ್ಮೆ ಕೇಳಿದರೆ ಮರೆಯದಂತೆ ಕಟ್ಟಿದ. ದೂರದಿಂದ ಎರಡು ಸಾಲು ಕೇಳಿದರೂ ಗುರುತು ಸಿಗಬೇಕಲ್ಲ. ಆ ಗುಣವೇ ಅದನ್ನು ಕಥೆಯಿಂದ ಕಿತ್ತು ಪಿಜ್ಜಾ ಅಂಗಡಿಗೆ ತಲುಪಿಸಿತು.

ಚರ್ಚಿನ ಮದುವೆಗಳಲ್ಲಿ ವಧು ಒಳಬರುವಾಗ ನುಡಿಸುವ ರಾಗದ್ದೂ ಇದೇ ಪಾಡು. ಅದು ವಾಗ್ನರನ ‘ಲೋಹೆಂಗ್ರಿನ್’ದು (1850). ಒಪೆರಾದಲ್ಲಿ ಅದನ್ನು ಹಾಡುವುದು ಮದುವೆ ಮುಗಿದ ಮೇಲೆ, ದಂಪತಿಯನ್ನು ಮಲಗುವ ಕೋಣೆಗೆ ಬಿಡುವಾಗ. ನನ್ನ ಹೆಸರು ಕೇಳಬಾರದು ಎಂದು ಗಂಡ ಮೊದಲೇ ಷರತ್ತು ಹಾಕಿರುತ್ತಾನೆ. ಹೆಂಡತಿ ಎಲ್ಸಾ ಅದೇ ರಾತ್ರಿ ಕೇಳಿಬಿಡುತ್ತಾಳೆ. ಅವನು ಹೊರಟುಹೋಗುತ್ತಾನೆ, ಇವಳು ಕುಸಿದು ಸಾಯುತ್ತಾಳೆ. ಬೀಗರ ಮುಂದೆ ಇದನ್ನೆಲ್ಲ ಹೇಳದಿರುವುದೇ ಒಳ್ಳೆಯದು.

ಒಪೆರಾಗಳ ಹುಟ್ಟಿನ ಬಗೆಗೂ ಇಂಥ ತಪ್ಪು ಮಾತುಗಳಿವೆ. ವರ್ಡಿಯದೇ ಆದ ‘ಐಡಾ’ವನ್ನು ಸೂಯೆಜ್ ಕಾಲುವೆಯ ಉದ್ಘಾಟನೆಗೆಂದು ಬರೆದದ್ದು ಎಂಬ ಮಾತು ಎಷ್ಟು ಪುಸ್ತಕಗಳಲ್ಲಿದೆಯೋ. ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಆ ಸಂದರ್ಭಕ್ಕೆ ಒಂದು ಸ್ತುತಿಗೀತೆ ಬೇಕೆಂದಾಗ ವರ್ಡಿ ಒಲ್ಲೆ ಎಂದಿದ್ದ. ಅದೇ ತಿಂಗಳು ಕೈರೋದ ಹೊಸ ಒಪೆರಾ ಮಂದಿರ ಬಾಗಿಲು ತೆರೆದದ್ದು ‘ರಿಗೊಲೆಟ್ಟೊ’ದಿಂದ. ‘ಐಡಾ’ ಅಲ್ಲಿ ರಂಗವೇರಿದ್ದು 1871ರ ಡಿಸೆಂಬರ್ 24ರಂದು. ಜರ್ಮನ್ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದರಿಂದ ಅಲ್ಲಿ ಸಿದ್ಧವಾಗುತ್ತಿದ್ದ ಪರದೆ, ಪೋಷಾಕುಗಳು ಹೊರಬರಲಾಗದೆ ಅಷ್ಟು ತಡವಾಯಿತು.

ಇನ್ನು ‘ಕಾರ್ಮೆನ್’. ಮೊದಲ ಪ್ರದರ್ಶನ ನೆಲಕಚ್ಚಿತು, ಆ ಕೊರಗಿನಲ್ಲೇ ಅದಕ್ಕೆ ಸಂಗೀತ ಕೊಟ್ಟ ಬಿಜೆ ಸತ್ತ ಎನ್ನುವುದು ಪ್ರತೀತಿ. 1875ರ ಮಾರ್ಚ್ 3ರ ರಾತ್ರಿ ಜನ ಬೆಚ್ಚಿಬಿದ್ದದ್ದು ನಿಜ. ರಂಗಮಂದಿರದ ಹೆಸರು ಒಪೆರಾ ಕೊಮಿಕ್. ಹಾಗೆಂದು ಅಲ್ಲಿ ನಗೆನಾಟಕವೇ ಆಗಬೇಕೆಂದಿಲ್ಲ. ಹಾಡಿನ ನಡುವೆ ಮಾತು ಬರುವ ಒಪೆರಾಗಳಿಗೆ ಆ ಹೆಸರು. ಆದರೆ ಅದು ಸಂಸಾರಸ್ಥರ ಜಾಗ. ಹುಡುಗ–ಹುಡುಗಿಯನ್ನು ಮುಖಾಮುಖಿ ಮಾಡಿಸಲು ಮನೆಯವರು ಬಾಕ್ಸ್ ಕಾದಿರಿಸುತ್ತಿದ್ದರು. ಹೆಣ್ಣು ನೋಡಲು ಬಂದವರೆದುರು ಸಿಗಾರ್ ಕಾರ್ಖಾನೆಯ ಹೆಣ್ಣು ಕಾರ್ಮೆನ್‌ಳನ್ನು ಇರಿದು ಕೊಂದರೆ ಹೇಗಿದ್ದೀತು! ಬೈಗುಳದ ವಿಮರ್ಶೆಗಳು ಬಂದವು. ಆದರೂ ಆಟ ನಿಲ್ಲಲಿಲ್ಲ. ಜೂನ್ 3ರಂದು 36ರ ಬಿಜೆ ಹೃದಯಾಘಾತದಿಂದ ತೀರಿಕೊಂಡಾಗ 33 ಪ್ರದರ್ಶನಗಳಾಗಿದ್ದವು. ಹಿಂದಿನ ದಿನವಷ್ಟೇ ವಿಯೆನ್ನಾ ಪ್ರದರ್ಶನದ ಒಪ್ಪಂದಕ್ಕೆ ಸಹಿ ಹಾಕಿದ್ದ. ಗಂಟಲಿನ ಕಾಯಿಲೆ ಅವನನ್ನು ವರ್ಷಗಳಿಂದ ಕಾಡುತ್ತಿತ್ತು. ಅವನಿಗೆ ಬೇಸರವಿತ್ತು, ನಿಜ. ಅದೇ ಕೊಂದಿತು ಎನ್ನುವುದು ಒಪೆರಾ ನೋಡಿದವರು ಕಟ್ಟಿದ ಕೊನೆಯ ಅಂಕ.

ಕಾರ್ಮೆನ್ ಹಾಡುವ ಹಬನೇರಾ ಸ್ಪೇನಿನ ಜಾನಪದ ಹಾಡು ಎಂದು ಈಗಲೂ ಹಲವರು ನಂಬಿದ್ದಾರೆ. ಅವರನ್ನು ದೂರುವಂತಿಲ್ಲ. ಸ್ಪೇನಿಗೆ ಕಾಲಿಡದ ಬಿಜೆಯೂ ಹಾಗೆಂದುಕೊಂಡೇ ಆ ಧಾಟಿಯನ್ನು ಎತ್ತಿಕೊಂಡಿದ್ದ. ಅದು 1865ರಲ್ಲಿ ತೀರಿಕೊಂಡ ಸೆಬಾಸ್ಟಿಯನ್ ಇರಾದಿಯೆರ್ ಎಂಬಾತನ ರಚನೆ ಎಂದು ಆಮೇಲೆ ತಿಳಿಯಿತು. ಸಂಗೀತ ಪ್ರತಿ ಅಚ್ಚಾಗುವಾಗ ಬಿಜೆ ಅದನ್ನು ಒಪ್ಪಿಕೊಂಡು ಒಂದು ಟಿಪ್ಪಣಿ ಸೇರಿಸಿದ.