ಹಲ್ಲಿಗೆ ಕ್ಲಿಪ್ ಹಾಕಿದ ಮಕ್ಕಳ ವಸಡಿನ ಆರೈಕೆ: ವಯನಾಡಿನ ಕನ್ನಡ ಮನೆಗಳು ತಿಳಿದಿರಬೇಕಾದ ಸಂಗತಿಗಳು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನಗಳಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಉತ್ತರ ಹೇಳುತ್ತಿದ್ದಳು. ವಿಚಾರಿಸಿದಾಗ, ವಸಡು ಊದಿಕೊಂಡು ಹಲ್ಲುಜ್ಜಿದಾಗಲೆಲ್ಲ ರಕ್ತ ಬರುತ್ತಿತ್ತೆಂದು ತಿಳಿಯಿತು. ದಂತವೈದ್ಯರು ಮಲಯಾಳದಲ್ಲಿ ‘ಮೋಣಯಿಲ್ ನೀರುಂಡ್’ ಎಂದಿದ್ದರು. ಅಲ್ಲಿ ‘ನೀರ್’ ಎಂದರೆ ಬಾವು. ತಾಯಿ ಅದನ್ನು ಕನ್ನಡದ ನೀರೆಂದೇ ಗ್ರಹಿಸಿ, ವಸಡಿನೊಳಗೆ ನೀರು ತುಂಬಿದೆ, ಆ ಜಾಗವನ್ನು ಮುಟ್ಟಬಾರದು ಎಂದು ಭಾವಿಸಿ ಮಗಳಿಗೆ ಬ್ರಷ್ ಬಿಡಿಸಿದ್ದರು. ಬಾವು ಕಡಿಮೆಯಾಗುವ ಬದಲು ಹೆಚ್ಚಿತು.

ಆ ತಾಯಿಯನ್ನು ದೂರುವಂತಿಲ್ಲ. ಗಾಯವಾದ ಜಾಗವನ್ನು ಮುಟ್ಟದೆ ಬಿಡುವುದು ನಮ್ಮೆಲ್ಲರ ರೂಢಿ. ವಸಡಿನ ವಿಷಯದಲ್ಲಿ ಮಾತ್ರ ಈ ರೂಢಿ ಕೇಡು ತರುತ್ತದೆ. ಕ್ಲಿಪ್ ಹಾಕಿದ ಬಾಯಿಯಲ್ಲಿ ರಕ್ತ ಕಾಣಿಸಿಕೊಂಡರೆ, ಅಲ್ಲಿ ಸರಿಯಾಗಿ ಉಜ್ಜುತ್ತಿಲ್ಲವೆಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ಅದರ ಅರ್ಥ. ಬ್ರಷ್ ಬಿಡದೆ, ಮೃದುವಾಗಿ, ಆದರೆ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಉಜ್ಜಬೇಕು. ಈ ಒಂದು ಮಾತು ಪ್ರತಿ ಮನೆಗೂ ತಲುಪಲೆಂಬುದೇ ಈ ಬರಹದ ಉದ್ದೇಶ.

ವಸಡು ಊದುವುದೇಕೆ?

ನಮ್ಮ ಹಲ್ಲುಗಳ ಮೇಲೆ ಸದಾ ಒಂದು ತೆಳುವಾದ ಅಂಟು ಪದರ ಬೆಳೆಯುತ್ತಿರುತ್ತದೆ. ವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಅದು ಬ್ಯಾಕ್ಟೀರಿಯಾಗಳ ವಸಾಹತು. ವಸಡಿನ ಅಂಚಿನಲ್ಲಿ ಅದು ಕುಳಿತರೆ ದೇಹವು ಆ ಜಾಗಕ್ಕೆ ಹೆಚ್ಚು ರಕ್ತವನ್ನು ಹರಿಸಿ ಪ್ರತಿರೋಧ ಒಡ್ಡುತ್ತದೆ. ಆಗ ವಸಡು ಕೆಂಪಾಗಿ, ಊದಿಕೊಂಡು, ಸ್ವಲ್ಪ ತಾಗಿದರೂ ರಕ್ತ ಒಸರುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರಯೋಗದಿಂದಲೇ ತೋರಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ, ಸುಮಾರು 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನ ಸ್ಥಿತಿಗೆ ಮರಳಿತು. ಆರಂಭದ ಹಂತದ ವಸಡಿನ ಬಾವು ವಾಸಿಯಾಗುವಂಥದ್ದು ಎಂಬ ಭರವಸೆಯನ್ನು ಈ ಪ್ರಯೋಗ ನೀಡುತ್ತದೆ.

ಕ್ಲಿಪ್ ಹಾಕಿದ ಮೇಲೆ ಈ ಪದರಕ್ಕೆ ಅಡಗಲು ಹೊಸ ಮೂಲೆಗಳು ದೊರೆಯುತ್ತವೆ. ಪ್ರತಿ ಹಲ್ಲಿಗೂ ಅಂಟಿಸಿದ ಬ್ರಾಕೆಟ್, ಅದರ ಮೂಲಕ ಹಾಯುವ ತಂತಿ, ಪುಟ್ಟ ರಬ್ಬರ್ ಬಳೆಗಳು ಇವೆಲ್ಲದರ ಸುತ್ತ ಆಹಾರದ ಕಣ ಸಿಲುಕುತ್ತದೆ. ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಕಿರಿದಾದ ಪಟ್ಟಿಯನ್ನು ಬ್ರಷ್ ಸುಲಭವಾಗಿ ಮುಟ್ಟುವುದಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಕ್ಲಿಪ್ ಹಾಕಿಸುವ ಹದಿಹರೆಯದಲ್ಲಿ ಹಾರ್ಮೋನುಗಳ ಬದಲಾವಣೆಯಿಂದ ವಸಡು ಮೊದಲೇ ಸೂಕ್ಷ್ಮವಾಗಿರುತ್ತದೆ. ಎರಡೂ ಸೇರಿದಾಗ ವಸಡು ಬೆಳೆದು ಬ್ರಾಕೆಟ್ಟಿನ ಅಂಚನ್ನೇ ಮುಚ್ಚುವುದುಂಟು. ಅದೇ ಪದರವು ಹಲ್ಲಿನ ಮೇಲ್ಮೈಯನ್ನೂ ಕರಗಿಸುತ್ತದೆ. ಚಿಕಿತ್ಸೆ ಮುಗಿದು ಕ್ಲಿಪ್ ತೆಗೆದಾಗ ಸಾಲಾದ ಹಲ್ಲುಗಳ ಮೇಲೆ ಸುಣ್ಣದ ಚುಕ್ಕೆಗಳಂಥ ಬಿಳಿ ಕಲೆಗಳು ಉಳಿದರೆ ಪಟ್ಟ ಶ್ರಮವೆಲ್ಲ ಮಂಕಾಗುತ್ತದೆ.

ಉಜ್ಜುವ ಕ್ರಮ

ಮೃದು ಎಳೆಗಳ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟ್ ಬಳಸಬೇಕು. ಮೊದಲು ಬಾಯಿ ಮುಕ್ಕಳಿಸಿ ದೊಡ್ಡ ಕಣಗಳನ್ನು ಹೊರಹಾಕಬೇಕು. ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ಪುಟ್ಟ ಪುಟ್ಟ ಚಲನೆಗಳಲ್ಲಿ ಉಜ್ಜಬೇಕು. ಬಳಿಕ ತಂತಿಯ ಮೇಲ್ಭಾಗವನ್ನು ಮೇಲಿನಿಂದಲೂ ಕೆಳಭಾಗವನ್ನು ಕೆಳಗಿನಿಂದಲೂ ಉಜ್ಜಬೇಕು. ಕೊನೆಯಲ್ಲಿ ಒಳಬದಿ ಮತ್ತು ಅಗಿಯುವ ಮೇಲ್ಮೈ. ಕ್ಲಿಪ್ ಇಲ್ಲದವರಿಗೆ 2 ನಿಮಿಷ ಸಾಕು. ಕ್ಲಿಪ್ ಇದ್ದವರಿಗೆ ಅದಕ್ಕಿಂತ ಹೆಚ್ಚು ಸಮಯ ಬೇಕು.

ತಂತಿಯ ಅಡಿಯಲ್ಲಿ ತೂರುವ, ಬಾಟಲಿ ತೊಳೆಯುವ ಬ್ರಷ್ಷಿನ ಪುಟ್ಟ ರೂಪದಂತಿರುವ ಸಂದಿನ ಬ್ರಷ್ ಔಷಧ ಅಂಗಡಿಗಳಲ್ಲಿ ಸಿಗುತ್ತದೆ. ದಿನಕ್ಕೊಮ್ಮೆ, ಮುಖ್ಯವಾಗಿ ಮಲಗುವ ಮುನ್ನ, ಅದನ್ನು ಬಳಸಬೇಕು. ರಾತ್ರಿಯ ಉಜ್ಜುವಿಕೆಯನ್ನು ಯಾವ ಕಾರಣಕ್ಕೂ ಬಿಡಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಪದರಕ್ಕೆ ಅದೇ ಅನುಕೂಲದ ಹೊತ್ತು. ವಯನಾಡಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ತಣ್ಣೀರಿಗೆ ಹೆದರಿ ಮಕ್ಕಳು ಅವಸರದಲ್ಲಿ ಮುಗಿಸುತ್ತಾರೆ. ಒಂದು ಲೋಟ ಬೆಚ್ಚಗಿನ ನೀರು ಕೊಟ್ಟರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಭತ್ತದ ಹೊಟ್ಟನ್ನು ಸುಟ್ಟು ಮಾಡುವ ಉಮಿಕ್ಕರಿಯಿಂದ ಹಲ್ಲು ತಿಕ್ಕುವ ಪದ್ಧತಿ ಕೇರಳದಲ್ಲಿ ಹಳೆಯದು. ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇವೆ, ಕ್ಲಿಪ್ ಇರುವ ಮಕ್ಕಳಿಗೆ ಅದು ಬೇಡ. ಒರಟು ಪುಡಿ ವಸಡನ್ನು ಗೀರುತ್ತದೆ, ಬ್ರಾಕೆಟ್ಟಿನ ಸಂದಿಯಲ್ಲಿ ಸಿಲುಕುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿದರೆ ನೋವು ಶಮನವಾಗುತ್ತದೆ, ಆದರೆ ಪದರ ಹೋಗುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶನ್ನು ವೈದ್ಯರು ಹೇಳಿದಷ್ಟೇ ದಿನ ಬಳಸಬೇಕು. ಹೆಚ್ಚು ದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ.

ಊಟ, ತಿಂಡಿ ಮತ್ತು ಶಾಲೆ

ಚಕ್ಕುಲಿ, ಕಡಲೆ ಮಿಠಾಯಿ, ಕಬ್ಬು, ಗಟ್ಟಿ ಬಾಳೆಕಾಯಿ ಚಿಪ್ಸ್ ಇವು ಬ್ರಾಕೆಟ್ ಕೀಳಬಹುದು. ಪೇರಳೆ, ಸೇಬುಗಳನ್ನು ಕಚ್ಚದೆ ಹೋಳು ಮಾಡಿ ತಿನ್ನಬೇಕು. ಅಂಟು ಮಿಠಾಯಿಯನ್ನೂ ಪದೇ ಪದೇ ಸಿಹಿ ಪಾನೀಯ ಕುಡಿಯುವುದನ್ನೂ ಬಿಡಬೇಕು. ಬೇಯಿಸಿದ ಮರಗೆಣಸು, ಪುಟ್ಟು, ದೋಸೆಗಳಿಗೆ ಅಡ್ಡಿಯಿಲ್ಲ, ತಿಂದ ಬಳಿಕ ಮುಕ್ಕಳಿಸಿದರೆ ಸಾಕು.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮಧ್ಯಾಹ್ನದ ಊಟದ ಬಳಿಕ ಕ್ಲಿಪ್ ಹಾಕಿದ ಮಗು ನಲ್ಲಿಯ ಬಳಿ ಐದು ನಿಮಿಷ ಹೆಚ್ಚು ನಿಂತರೆ ಗದರಿಸದಿರೋಣ. ಸಹಪಾಠಿಗಳು ‘ಕಂಬಿ’ ಎಂದು ಅಡ್ಡಹೆಸರಿಟ್ಟು ಕಾಡಿದರೆ ಮಗು ಎಲ್ಲರೆದುರು ಬಾಯಿ ತೊಳೆಯುವುದನ್ನೇ ಬಿಡುತ್ತದೆ.

ದೂರದ ಚಿಕಿತ್ಸೆ, ಹತ್ತಿರದ ಎಚ್ಚರ

ಕ್ಲಿಪ್ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ನಡೆಯುತ್ತದೆ. ಸುಮಾರು 4ರಿಂದ 8 ವಾರಗಳಿಗೊಮ್ಮೆ ಭೇಟಿ ಬೇಕು. ನಮ್ಮ ಪಟ್ಟಣಗಳಲ್ಲಿ ಖಾಸಗಿ ಚಿಕಿತ್ಸಾಲಯಗಳಿದ್ದರೂ, ಖರ್ಚು ಭರಿಸಲಾಗದವರು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕೋಝಿಕ್ಕೋಡಿನ ಸರಕಾರಿ ದಂತ ವೈದ್ಯಕೀಯ ಕಾಲೇಜಿಗೋ, ಬಂಡೀಪುರ ದಾಟಿ ಮೈಸೂರಿನ ದಂತ ಕಾಲೇಜುಗಳಿಗೋ ಹೋಗುತ್ತಾರೆ. ಮೈಸೂರಿನ ದಾರಿಯಲ್ಲಿ ಬಂಡೀಪುರದ ಅರಣ್ಯದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದರಿಂದ ಹಗಲಿನಲ್ಲೇ ಹೋಗಿ ಮರಳಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಕೋಝಿಕ್ಕೋಡಿನ ಭೇಟಿಯೂ ತಪ್ಪುತ್ತದೆ. ಹೀಗೆ ವೈದ್ಯರು ದೂರವಿದ್ದಷ್ಟೂ ಮನೆಯ ದಿನನಿತ್ಯದ ಆರೈಕೆಯ ಮೌಲ್ಯ ಹೆಚ್ಚುತ್ತದೆ. ಭೇಟಿ ತಪ್ಪಿದರೆ ಫೋನ್ ಮಾಡಿ ಮತ್ತೊಂದು ದಿನ ಕೇಳಬೇಕು, ಸುಮ್ಮನಿರಬಾರದು.

ಕ್ಲಿಪ್ ಹಾಕುವ ಮೊದಲೇ ಹುಳುಕು ತುಂಬಿಸಿ, ಹಲ್ಲು ಶುಚಿ ಮಾಡಿಸಿಕೊಳ್ಳುವುದು ಒಳಿತು. ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಗಟ್ಟಿಯಾಗಿ ಕಟ್ಟಿದ ಕಿಟ್ಟವನ್ನು ಬ್ರಷ್ ತೆಗೆಯಲಾರದು, ಅದಕ್ಕೆ ವೈದ್ಯರೇ ಬೇಕು.

ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ, ವಸಡು ಬ್ರಾಕೆಟ್ಟನ್ನು ಮುಚ್ಚತೊಡಗಿದರೆ, ಕೀವು ಕಂಡರೆ ಅಥವಾ ಹಲ್ಲು ಅತಿಯಾಗಿ ಅಲುಗಾಡಿದರೆ ಮುಂದಿನ ಭೇಟಿಯವರೆಗೆ ಕಾಯಬಾರದು. ಮುಖ ಊದಿಕೊಂಡು ಜ್ವರ ಬಂದರೆ ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯಲ್ಲಿ ಕೇಳಬಹುದಾದ ಕೆಲವು ಪದಗಳನ್ನು ಇಲ್ಲಿ ಕೊಡುತ್ತಿದ್ದೇವೆ. ವಸಡಿಗೆ ‘ಮೋಣ’, ಬಾವಿಗೆ ‘ನೀರ್’ ಅಥವಾ ‘ವೀಕ್ಕಂ’, ರಕ್ತಕ್ಕೆ ‘ಚೋರ’, ಕೀವಿಗೆ ‘ಪಳುಪ್ಪ್’, ಅಲುಗಾಟಕ್ಕೆ ‘ಇಳಕ್ಕಂ’, ಹಲ್ಲಿನ ತಂತಿಗೆ ‘ಕಂಬಿ’. ‘ನನ್ನಾಯಿ ತೇಕ್ಕಣಂ’ ಎಂದರೆ ಚೆನ್ನಾಗಿ ಉಜ್ಜಬೇಕು ಎಂದರ್ಥ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚ ಬೇಡ. ಮನೆಗೆ ಬಂದೊಡನೆ ಸೂಚನೆಗಳನ್ನು ಮಗುವಿನ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಕನ್ನಡಿಯ ಪಕ್ಕ ಅಂಟಿಸಿ.

ನಮ್ಮ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ. ಚೀಟಿಯ ಮೊದಲ ಸಾಲಿನಲ್ಲಿ ‘ರಕ್ತ ಬಂದರೂ ಉಜ್ಜುವುದು’ ಎಂದು ಬರೆದಿದ್ದಳು. ಕೆಲವೇ ವಾರಗಳಲ್ಲಿ ಬಾಯಿಗೆ ಅಡ್ಡ ಹಿಡಿದಿದ್ದ ಕೈ ಕೆಳಗಿಳಿಯಿತು.