ಚಾಟ್ಸ್‌ವರ್ತ್ ದೊಡ್ಡಮನೆಯ ಜಾತ್ರೆಗಳು, ಅದರ ಜಮಾಖರ್ಚು

ನಮ್ಮ ಸಮಾಜದಲ್ಲಿ ಮಗನೋ ಅಳಿಯನೋ ಪರದೇಶದಲ್ಲಿ ನೌಕರಿಗೆ ಇಲ್ಲದ ಮನೆ ಈಗ ಅಪರೂಪ. ತಂದೆತಾಯಿಗಳೂ ಆರು ತಿಂಗಳ ವೀಸಾ ಪಡೆದು ಹೋಗಿ ಬರುತ್ತಾರೆ. ಇಂಗ್ಲೆಂಡಿಗೆ ಹೋಗಿ ಬಂದವರು ಲಂಡನ್ನಿನ ಸೇತುವೆ, ಅರಮನೆ, ಮೇಣದ ಗೊಂಬೆಗಳ ಮಾತು ಆಡುತ್ತಾರೆ. ನಾವೂ ಅವನ್ನು ನೋಡಿದೆವು, ಫೋಟೋ ತೆಗೆಸಿಕೊಂಡೆವು. ಆದರೆ ಓದುಗ ಬಂಧುಗಳಿಗೆ ವಿವರವಾಗಿ ತಿಳಿಸಬೇಕು ಎನಿಸಿದ್ದು ಲಂಡನ್ನಿನಿಂದ ದೂರದ, ಡರ್ಬಿಶೈರ್ ಎಂಬ ಗುಡ್ಡಗಾಡು ಜಿಲ್ಲೆಯ ಒಂದು ದೊಡ್ಡಮನೆಯನ್ನು ಕುರಿತು. ಅದರ ಹೆಸರು ಚಾಟ್ಸ್‌ವರ್ತ್.

2023ರ ಜುಲೈಯಿಂದ ಡಿಸೆಂಬರ್ ತನಕ ನಾವು ಶೆಫೀಲ್ಡ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆವು. ಶೆಫೀಲ್ಡ್ ಎಂದರೆ ಚಾಕು ಕತ್ತರಿಗಳಿಗೆ ಹೆಸರಾದ ಉಕ್ಕಿನ ಪೇಟೆ. ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ತಾಸಿನ ದಾರಿ. ಎರಡು ಸಲ ಹೋದೆವು, ಸೆಪ್ಟೆಂಬರಿನ ಜಾತ್ರೆಗೆ ಒಮ್ಮೆ, ನವೆಂಬರಿನ ಕ್ರಿಸ್ಮಸ್ ಸಂತೆಗೆ ಇನ್ನೊಮ್ಮೆ.

ಮನೆ ಇರುವುದು ಡರ್ವೆಂಟ್ ಎಂಬ ಹೊಳೆಯ ದಂಡೆಗೆ. ಹಿಂದೆ ಕಾಡು ಗುಡ್ಡ, ಮುಂದೆ ಕುರಿ ಮೇಯುವ ಹುಲ್ಲುಗಾವಲು. ಡೆವನ್‌ಶೈರ್ ಡ್ಯೂಕ್ ಎಂಬ ಪದವಿ ಹೊಂದಿದ ಕ್ಯಾವೆಂಡಿಶ್ ಮನೆತನದವರು, ನಮ್ಮ ಕಡೆಯ ಮಾತಿನಲ್ಲಿ ದೊಡ್ಡ ಜಹಗೀರದಾರರು. ಈ ಮನೆತನದ ಹಿರಿಯಳಾದ ಬೆಸ್ ಎಂಬ ಗಟ್ಟಿ ಹೆಣ್ಣುಮಗಳು ಗಂಡನೊಡನೆ 1552ರಲ್ಲಿ ಕಟ್ಟಡಕ್ಕೆ ಕೈಹಾಕಿದಳು. ಮುಂದೆ 1687ರಿಂದ 1707ರ ವರೆಗೆ ಮೊದಲನೆಯ ಡ್ಯೂಕ್ ಅದನ್ನು ಒಂದೊಂದೇ ಮಗ್ಗುಲು ಕೆಡವುತ್ತ ಹೊಸದಾಗಿ ಕಟ್ಟಿಸಿದ. ಚಿತ್ರ, ಗ್ರಂಥ, ಶಿಲ್ಪಗಳ ಸಂಗ್ರಹ ಅಪಾರ, ಅದನ್ನೆಲ್ಲ ಬರೆಯುವ ಶಕ್ತಿ ಮ್ಯಾಟ್ರಿಕ್ ಕಲಿತ ನಮಗೆ ಇಲ್ಲ. ನಮ್ಮ ತಲೆಯಲ್ಲಿ ಕೂತ ಸಂಗತಿ ಒಂದು. ಆ ಮನೆಯ ಮಾಳಿಗೆಯ ವಿಸ್ತೀರ್ಣವೇ 1.3 ಎಕರೆ. ಒಂದೂಕಾಲು ಎಕರೆ ಮಾಳಿಗೆ, ಅದೂ ಮಳೆ ಬಿಡದ ದೇಶದಲ್ಲಿ! ಇದನ್ನು ಸೋರದಂತೆ ಕಾಯುವವರ ಕಿರ್ದಿ ಹೇಗಿರಬೇಕು ಎಂಬ ಯೋಚನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ ಮೂರು ದಿನ ಮನೆಯ ಮುಂದಿನ ಹುಲ್ಲುಗಾವಲಿನಲ್ಲಿ 'ಕಂಟ್ರಿ ಫೇರ್' ನಡೆಯುತ್ತದೆ. ಅಕ್ಷರಶಃ ಜಾತ್ರೆಯೇ. ನಮ್ಮ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಗೆ ಹೋಮ್ ಮೈದಾನದಲ್ಲಿ ಅಂಗಡಿಗಳು ಸಾಲುಗಟ್ಟುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೇರೆಗಳ ಓಣಿ, ಕೂಸನ್ನು ಹೆಗಲ ಮೇಲೆ ಹೊತ್ತ ತಂದೆಯರು, ಕೈಯಲ್ಲಿ ತಿನಿಸು, ಕಾಲಲ್ಲಿ ಕೆಸರು. ಸ್ಕಾಟ್ಲೆಂಡಿನ ಚೀಲದ ಪೀಪಿಯ ಮೇಳ ಬಂದಾಗ ಎದೆಯೊಳಗೆ ನಡುಕ ಹುಟ್ಟುವಂಥ ನಾದ. ದೊಡ್ಡ ಬಲೂನುಗಳಿಗೆ ಬಿಸಿಗಾಳಿ ತುಂಬಿ ಆಕಾಶಕ್ಕೆ ಬಿಡುತ್ತಾರೆ. ಕುರಿ ಕಾಯುವ ನಾಯಿಗಳು ಸಿಳ್ಳಿನ ಸನ್ನೆಗೇ ಮಂದೆಯನ್ನು ತಿರುಗಿಸುವ ಚಾತುರ್ಯ ನೋಡಿ ನಮ್ಮ ಮನೆಯವರು ಅರ್ಧ ತಾಸು ಅಲ್ಲಿಂದ ಕದಲಲಿಲ್ಲ. ಬೇಟೆಯ ನಾಯಿ, ಬಂದೂಕಿನ ಗುರಿ, ಮೀನು ಹಿಡಿಯುವ ಗಾಳ ಇವುಗಳ ವಿಭಾಗವೂ ಅಲ್ಲಿದೆ. ಆ ನೆಲದ ಹಳ್ಳಿಗರಿಗೆ ಅದು ಸಹಜ, ನಮಗೆ ರುಚಿಸುವಂಥದಲ್ಲ. ನಾವು ಆ ಕಡೆ ಹೋಗದೆ ಗಿಡ, ಬೀಜ, ಬುಟ್ಟಿ, ಕಂಬಳಿಗಳ ಕಡೆ ನಡೆದೆವು.

ಜನರನ್ನು ಒಳಗೆ ಬಿಡುವ ಪದ್ಧತಿ ಈ ಮನೆಗೆ ಹೊಸದಲ್ಲ. ಆರನೆಯ ಡ್ಯೂಕ್ ಮದುವೆಯಾಗದ, ಕೈ ಬಿಚ್ಚಿ ಖರ್ಚು ಮಾಡುವ ಆಸಾಮಿ. ಬಡವನೇ ಬಂದರೂ ಮನೆಯನ್ನೆಲ್ಲ ತೋರಿಸಬೇಕು, ಅವನೊಬ್ಬನಿಗಾದರೂ ಕಾರಂಜಿಗಳನ್ನು ಹಾರಿಸಬೇಕು ಎಂಬುದು ಆತನ ಕಟ್ಟಪ್ಪಣೆ. 1849ರಲ್ಲಿ ಹತ್ತಿರದ ರೌಸ್ಲಿ ಊರಿಗೆ ರೈಲು ಬಂತು, ಅದೊಂದೇ ಬೇಸಿಗೆಯಲ್ಲಿ 80,000 ಜನ ನೋಡಲು ಬಂದರು. ಅದೇ ಡ್ಯೂಕ್ ತನ್ನ ನೋಟಕ್ಕೆ ಅಡ್ಡವಾಗಿದೆ ಎಂದು ಎಡೆನ್ಸರ್ ಎಂಬ ಹಳ್ಳಿಯನ್ನು ಎಬ್ಬಿಸಿ ಗುಡ್ಡದ ಮರೆಗೆ ಹೊಸದಾಗಿ ಕಟ್ಟಿಸಿದ ಎಂಬುದನ್ನೂ ಹೇಳಬೇಕು. ಹೊಸ ಮನೆಗಳು ಚೆಂದವೇ, ಆದರೂ ಎದ್ದು ಹೋದವರನ್ನು ಕೇಳಿದವರು ಯಾರು?

ಈತ 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಇಪ್ಪತ್ತಮೂರು ವರ್ಷದ ರೈತನ ಮಗನನ್ನು ತೋಟದ ಮೇಲ್ವಿಚಾರಕನಾಗಿ ನೇಮಿಸಿದ. ಆ ಹುಡುಗನ ಕೈಗುಣ ದೊಡ್ಡದು. ಗುಡ್ಡದ ಮೇಲೆ ಕೆರೆ ಕಟ್ಟಿಸಿ, ಯಂತ್ರವಿಲ್ಲದೆ ನೀರಿನ ಭಾರದಿಂದಲೇ ಚಿಮ್ಮುವ ಕಾರಂಜಿ ಮಾಡಿದ (1844). ರಷ್ಯದ ಚಕ್ರವರ್ತಿ ಬರುತ್ತಾನೆಂದು ಅವಸರದಿಂದ ಮುಗಿಸಿದರು. ಚಕ್ರವರ್ತಿ ಬರಲಿಲ್ಲ, ಜನ ಮಾತ್ರ ಇಂದಿಗೂ ಬರುತ್ತಾರೆ. ಬಿಸಿ ದೇಶಗಳ ಗಿಡಗಳಿಗಾಗಿ ಈತ ಕಟ್ಟಿದ ಮಹಾ ಗಾಜಿನಮನೆಯೊಳಗೆ ವಿಕ್ಟೋರಿಯಾ ರಾಣಿ ಸಾರೋಟಿನಲ್ಲೇ ಕೂತು ಹಾದುಹೋದಳಂತೆ. ಆ ಅನುಭವದಿಂದಲೇ ಈತ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನಿರ್ಮಿಸಿದ. ಅದರ ಮಾದರಿಯಿಂದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆ ಬಂತು. ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹೋಗುವ ನಮ್ಮ ಬಂಧುಗಳು ಇದನ್ನು ನೆನಪಿನಲ್ಲಿಡಬಹುದು.

ಇನ್ನೊಂದು ಸಂಗತಿ ನಮಗೆ ಅಲ್ಲಿಯೇ ತಿಳಿದದ್ದು. ಮಾರಿಷಸ್ಸಿನಿಂದ ಬಂದ ಬಾಳೆಯ ಗಿಡವೊಂದನ್ನು ಪ್ಯಾಕ್ಸ್‌ಟನ್ ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂ ಬಿಟ್ಟಿತು. ಯಜಮಾನನ ಮನೆತನದ ಹೆಸರನ್ನೇ ಅದಕ್ಕೆ ಇಟ್ಟ, ಕ್ಯಾವೆಂಡಿಶ್. ಇಂದು ನಮ್ಮ ಜಿಲ್ಲೆಯ ಕರಮಾಳ ಕಡೆಯಿಂದ ಲಾರಿ ತುಂಬಿ ಹೊರಡುವ ಜಿ-ನೈನ್ ಬಾಳೆ, ಕರ್ನಾಟಕದ ಪಚ್ಚಬಾಳೆ, ಇವೆಲ್ಲ ಅದೇ ಕ್ಯಾವೆಂಡಿಶ್ ಕುಲದವು. ದಿನವೂ ತಿನ್ನುತ್ತೇವೆ, ಹೆಸರಿನ ಮೂಲ ಗೊತ್ತಿರಲಿಲ್ಲ.

ಇಷ್ಟು ವೈಭವದ ಗಾಜಿನಮನೆ ಏನಾಯಿತು? ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಕಾಯಿಸಲು ಕಲ್ಲಿದ್ದಲು ಇಲ್ಲ, ಆಳು ಇಲ್ಲ, ಗಿಡಗಳು ಸತ್ತವು. 1920ರಲ್ಲಿ ಮದ್ದು ಇಟ್ಟು ಕೆಡವಿದರು. ಈಗ ಅಲ್ಲಿ ಅಡಿಪಾಯದ ಗೋಡೆಗಳ ನಡುವೆ ಹೂದೋಟವಿದೆ. 2017ರಿಂದ 2019ರ ವರೆಗೆ ಮೂರು ಬೇಸಿಗೆ ಅಲ್ಲಿನ ರಾಜಮನ್ನಣೆಯ ತೋಟಗಾರಿಕಾ ಸಂಘದವರು ಚಾಟ್ಸ್‌ವರ್ತ್ ಬಯಲಿನಲ್ಲಿ ಪುಷ್ಪ ಪ್ರದರ್ಶನ ನಡೆಸಿದರು. ಮೊದಲ ವರ್ಷ ಆ ಗಾಜಿನಮನೆಯ ನೆನಪಿಗೆ ಗಾಳಿ ತುಂಬಿದ ಅದರದೇ ಆಕಾರದ ಡೇರೆ ನಿಲ್ಲಿಸಿದ್ದರು. ಆ ಪ್ರದರ್ಶನ 2019ರ ನಂತರ ನಡೆದಿಲ್ಲ.

ಮನೆಗೇ ಕಂಟಕ ಬಂದದ್ದು 1950ರಲ್ಲಿ. ಹತ್ತನೆಯ ಡ್ಯೂಕ್ ಆಸ್ತಿಯನ್ನು ಮಗನ ಕಡೆ ಮಾಡಿಟ್ಟಿದ್ದ. ಕಾಯಿದೆಯಂತೆ ಹಾಗೆ ಮಾಡಿದವನು ಐದು ವರ್ಷ ಬದುಕಿದ್ದರೆ ಮಾತ್ರ ವಾರಸಾ ತೆರಿಗೆ ತಪ್ಪುತ್ತಿತ್ತು. ಅವಧಿ ಮುಗಿಯಲು ಕೆಲವೇ ವಾರ ಉಳಿದಿರುವಾಗ ಆತ ತೀರಿಕೊಂಡ. ತೆರಿಗೆ ಶೇಕಡಾ 80! ನೂರು ರೂಪಾಯಿಯ ಆಸ್ತಿಗೆ ಎಂಬತ್ತು ಸರಕಾರಕ್ಕೆ. ಹನ್ನೊಂದನೆಯ ಡ್ಯೂಕ್ ಆಂಡ್ರ್ಯೂ ಎರಡನೆಯ ಮಗ. ಅಣ್ಣ 1944ರ ಯುದ್ಧದಲ್ಲಿ ಮಡಿದಿದ್ದರಿಂದ ಈ ಭಾರ ಅವನ ಹೆಗಲಿಗೆ ಬಂತು. ಸಾವಿರಾರು ಎಕರೆ ಮಾರಿದ, ಹೆಸರಾಂತ ಚಿತ್ರಗಳನ್ನು ಕೊಟ್ಟ, ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಎಂಬ ಇನ್ನೊಂದು ಭವ್ಯ ಮನೆಯನ್ನೂ ಬಿಟ್ಟುಕೊಟ್ಟ (1959). ಲೆಕ್ಕ ಇತ್ಯರ್ಥವಾದದ್ದು 1967ರಲ್ಲಿ.

ವ್ಯಾಪಾರಿ ಬಂಧುಗಳು ಮುಂದಿನದನ್ನು ನಿಧಾನವಾಗಿ ಓದಬೇಕು. 1981ರಲ್ಲಿ ಒಂದು ಧರ್ಮದತ್ತಿ ಮಾಡಿ, ಮನೆ, ತೋಟ, ಮುಖ್ಯ ಸಾಮಾನುಗಳನ್ನು 99 ವರ್ಷದ ಭೋಗ್ಯಕ್ಕೆ ಅದಕ್ಕೆ ವಹಿಸಿದರು. ದತ್ತಿ ಕೊಡುವ ಬಾಡಿಗೆ ವರ್ಷಕ್ಕೆ ಒಂದು ಪೌಂಡು. ದತ್ತಿಯ ಮೂಲ ಗಂಟಿಗಾಗಿ ಪೂಸ್ಸಾನ್ ಎಂಬ ಮಹಾ ಚಿತ್ರಕಾರನ ಒಂದು ಚಿತ್ರವನ್ನು ಮಾರಿದರು. ಡ್ಯೂಕಿನ ಕುಟುಂಬ ಮನೆಯ ಒಂದು ಭಾಗದಲ್ಲಿದೆ, ಅದಕ್ಕೆ ಪೇಟೆಯ ಧಾರಣೆಯಂತೆ ದತ್ತಿಗೆ ಬಾಡಿಗೆ ಕಟ್ಟುತ್ತದೆ. ತಮ್ಮ ಮನೆತನದ ಮನೆಗೆ ತಾವೇ ಬಾಡಿಗೆ! ಟಿಕೀಟಿನ ಹಣ ಮನೆಯ ದುರಸ್ತಿಗೆ ಹೋಗುತ್ತದೆ. 2018ರಲ್ಲಿ ಮುಗಿದ ಹತ್ತು ವರ್ಷದ ಜೀರ್ಣೋದ್ಧಾರಕ್ಕೆ 3 ಕೋಟಿ 20 ಲಕ್ಷ ಪೌಂಡಿಗೂ ಮೇಲೆ ಖರ್ಚಾಯಿತು.

ಆದ್ದರಿಂದಲೇ ಅವರು ಒಂದು ಋತುವನ್ನೂ ವ್ಯರ್ಥ ಬಿಡುವುದಿಲ್ಲ. ವಸಂತದಲ್ಲಿ ಕುರಿಮರಿಗಳ ಕಾಲ. ಪೇಟೆಯ ಮಕ್ಕಳಿಗೆ ಹಾಲು ಎಲ್ಲಿಂದ ಬರುತ್ತದೆಂದು ತೋರಿಸಲು 1973ರಲ್ಲೇ ಕೊಟ್ಟಿಗೆಯೊಂದನ್ನು ತೆರೆದಿದ್ದಾರೆ. ಬೇಸಿಗೆಯಲ್ಲಿ ತೋಟ, ಕಾರಂಜಿ. ನಂತರ ಜಾತ್ರೆ. ಮೊದಲೆಲ್ಲ ಅಕ್ಟೋಬರಿಗೆ ಬಾಗಿಲು ಮುಚ್ಚುತ್ತಿತ್ತು. 2001ರಲ್ಲಿ ಇಂಗ್ಲೆಂಡಿನ ದನಕುರಿಗಳಿಗೆ ಕಾಲುಬಾಯಿ ಬೇನೆ ಬಂದು ಹಳ್ಳಿಗಾಡಿಗೆ ಜನ ಬರುವುದೇ ನಿಂತಿತು. ಆ ನಷ್ಟದ ವರ್ಷವೇ ಮೊದಲ ಸಲ ಕ್ರಿಸ್ಮಸ್‌ಗೆ ಮನೆಯನ್ನು ಸಿಂಗರಿಸಿ ತೆರೆದರು. ಈಗ ಅದೇ ಅವರ ದೊಡ್ಡ ಸುಗ್ಗಿ, ನವೆಂಬರಿನಿಂದ ಜನವರಿ ಮೊದಲ ವಾರದ ತನಕ. ವರ್ಷಕ್ಕೊಂದು ಕಥೆ ಹಿಡಿದು ಕೋಣೆ ಕೋಣೆ ಅಲಂಕರಿಸುತ್ತಾರೆ. 2017ರಲ್ಲಿ ಡಿಕನ್ಸನ ಕಾದಂಬರಿಗಳ ಲೋಕವನ್ನೇ ಕಟ್ಟಿದ್ದರಂತೆ.

ನಾವು ಕಂಡ ನವೆಂಬರಿನ ಸಂತೆಯಲ್ಲಿ ಸಣ್ಣ ಮರದ ಅಂಗಡಿಗಳ ಸಾಲು. ಉಣ್ಣೆಯ ಹೊದಿಕೆ ಮಾರುವ ಒಬ್ಬ ಅಜ್ಜಿಯ ಮುಂದೆ ನಿಂತು ನೇಯ್ಗೆ ಮುಟ್ಟಿ ನೋಡಿದೆವು. ಐವತ್ತು ವರ್ಷ ಸೊಲ್ಲಾಪುರ ಚಾದರದ ವ್ಯಾಪಾರ ಕಂಡ ಕೈ, ಸುಮ್ಮನಿರುವುದಿಲ್ಲ. ಮಾಲು ಉತ್ತಮ. ಬೆಲೆ ಕೇಳಿ ಮೆಲ್ಲಗೆ ಮಡಿಸಿ ಇಟ್ಟೆವು. ಅಜ್ಜಿ ನಕ್ಕಳು, ನಾವೂ ನಕ್ಕೆವು.

ಕ್ರಿಸ್ಮಸ್ ಮುಗಿದ ಮೇಲೆ ಮನೆ ಕೆಲವು ವಾರ ಮುಚ್ಚಿರುತ್ತದೆ, ರಜೆಗಾಗಿ ಅಲ್ಲ, ಸ್ವಚ್ಛತೆಗಾಗಿ. ಒಂದೊಂದು ದೀಪದ ಗುಚ್ಛ ಇಳಿಸಿ, ಒಂದೊಂದು ಪುಸ್ತಕದ ಧೂಳು ಒರೆಸುತ್ತಾರೆ.

ಇದೆಲ್ಲ ನಮಗೇಕೆ ಎನ್ನಬಹುದು. ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ವಾಡೆ ಇದೆ. ಕಲ್ಲಿನ ಹೆಬ್ಬಾಗಿಲು, ಸಾಗವಾನಿಯ ಕಂಬಗಳ ಪಡಸಾಲೆ, ಮಣ್ಣಿನ ಮಾಳಿಗೆ. ವಾರಸುದಾರರು ಹನ್ನೊಂದು ಮಂದಿ. ಪುಣೆ, ಮುಂಬಯಿ, ಹುಬ್ಬಳ್ಳಿ, ಒಬ್ಬ ದುಬೈ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವವರು ಇಲ್ಲ. ಕಂಬಗಳನ್ನು ಕೇಳಿಕೊಂಡು ಹಳೆ ಸಾಮಾನಿನ ದಲಾಲರು ಬರುತ್ತಾರೆ, ಒಳ್ಳೆಯ ರೇಟೇ ಹೇಳುತ್ತಾರೆ. ಇಂಥ ವಾಡೆ ನಮ್ಮದೊಂದೇ ಅಲ್ಲ. ಈ ಮಾಸಿಕ ಓದುವ ಅನೇಕ ಮನೆಗಳಲ್ಲಿ ಇದೇ ಕಥೆ ಎಂದು ಬಲ್ಲೆವು.

ಇಂಗ್ಲೆಂಡಿನಿಂದ ಬಂದ ಮೇಲೆ ಅಣ್ಣತಮ್ಮಂದಿರ ಮುಂದೆ ದತ್ತಿಯ ಮಾತು ಎತ್ತಿದೆವು. "ಕಾಕಾ, ಅವರದು ಡ್ಯೂಕಿನ ಮನೆ, ಆರು ಲಕ್ಷ ಜನ ನೋಡಲು ಬರುತ್ತಾರೆ. ನಮ್ಮ ವಾಡೆಗೆ ಟಿಕೀಟು ಯಾರು ತೆಗೆಸುತ್ತಾರೆ?" ಎಂದು ಪುಣೆಯ ತಮ್ಮನ ಮಗ ಕೇಳಿದ. ಸರಿಯಾದ ಪ್ರಶ್ನೆಯೇ. ಟಿಕೀಟಿನ ಮಾತು ನಾವು ಆಡುತ್ತಿಲ್ಲ. ದಶಲಕ್ಷಣ ಪರ್ವದ ಹತ್ತು ದಿನ ಊರ ಶ್ರಾವಕರ ಪ್ರವಚನ ಪಡಸಾಲೆಯಲ್ಲಿ ಆಗಲಿ, ಬೇಸಿಗೆಯಲ್ಲಿ ಮಕ್ಕಳ ಪಾಠಶಾಲೆ ನಡೆಯಲಿ, ದೀಪಾವಳಿಗೆ ಹನ್ನೊಂದು ಮನೆಯವರೂ ಬಂದು ಒಂದು ದಿನ ಉಳಿಯಲಿ ಎಂದೆವು. ಬಾಗಿಲು ತೆರೆದಿರುವ ಮನೆಯ ಮಾಳಿಗೆ ಸೋರಿದರೆ ಯಾರಾದರೂ ಹೇಳುತ್ತಾರೆ. ಬೀಗ ಹಾಕಿದ ಮನೆಯದು ಬಿದ್ದ ಮೇಲೆಯೇ ತಿಳಿಯುವುದು. ಏಳು ಮಂದಿ ಒಪ್ಪಿ ವರ್ಷಕ್ಕೆ ಇಷ್ಟೆಂದು ವರ್ಗಣಿ ಬರೆದಿದ್ದಾರೆ. ಇಬ್ಬರು ನೋಡೋಣ ಎಂದಿದ್ದಾರೆ. ಇನ್ನಿಬ್ಬರಿಗೆ ದಲಾಲರ ಮಾತೇ ಹಿಡಿಸಿದೆ.

ಮಕ್ಕಳ ಕಡೆ ಹೋಗುವ ಬಂಧುಗಳಿಗೆ ಎರಡು ಸೂಚನೆ. ಹೊಳೆಯ ದಂಡೆಯ ಹುಲ್ಲುಗಾವಲಿನಲ್ಲಿ ತಿರುಗಾಡಲು ಹಣ ಕೊಡಬೇಕಾಗಿಲ್ಲ. ಟಿಕೀಟು ಮನೆಗೆ ಮತ್ತು ತೋಟಕ್ಕೆ, ಅದನ್ನು ಮಕ್ಕಳ ಕೈಯಿಂದ ಮುಂಚೆಯೇ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು. ರಾತ್ರಿ ಭೋಜನ ತ್ಯಾಗ ಇರುವವರು ಕ್ರಿಸ್ಮಸ್ ಸಂತೆಗೆ ಹೋಗುವುದಾದರೆ ಗಡಿಯಾರದ ಮೇಲೆ ಗಮನವಿಡಬೇಕು. ಆ ತಿಂಗಳುಗಳಲ್ಲಿ ಅಲ್ಲಿ ನಾಲ್ಕು ಗಂಟೆಯ ಸುಮಾರಿಗೇ ಸೂರ್ಯಾಸ್ತ. ನಮ್ಮ ಮನೆಯವರು ಥೇಪ್ಲಾ, ಚಟ್ನಿಪುಡಿ ಕಟ್ಟಿಕೊಂಡಿದ್ದರು. ಮೂರೂವರೆಗೆ ಕಲ್ಲುಬೆಂಚಿನ ಮೇಲೆ ಕೂತು ಊಟ ಮುಗಿಸಿದೆವು, ಆಮೇಲೆ ನೋಡುತ್ತಿದ್ದಂತೆ ಸಂತೆಯ ದೀಪಗಳೆಲ್ಲ ಹತ್ತಿದವು.