ಚಾಮರಾಜನಗರದ ಶಾಲೆಗಳೂ ಗಣಕಯಂತ್ರದ ಪಾಠಗಳೂ

೨೦೦೪ನೆಯ ಇಸವಿ ಸೆಪ್ಟೆಂಬರ್ ೨೦ನೆಯ ತಾರೀಖು ಶ್ರೀಹರಿಕೋಟೆಯಿಂದ ಅಂತರಿಕ್ಷಕ್ಕೇರಿದ ‘ಎಡುಸ್ಯಾಟ್’, ವಿದ್ಯಾಪ್ರಸಾರಕ್ಕೆಂದೇ ಮೀಸಲಾಗಿ ನಮ್ಮ ದೇಶವು ನಿರ್ಮಿಸಿದ ಮೊದಲನೆಯ ಉಪಗ್ರಹ. ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗವನ್ನು ಮಾಡಿ ನೋಡಲು ಕರ್ನಾಟಕದಲ್ಲಿ ಆರಿಸಲ್ಪಟ್ಟ ಜಿಲ್ಲೆ ಚಾಮರಾಜನಗರ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಈ ಗಡಿಸೀಮೆಯ ೮೦೦ಕ್ಕೂ ಮಿಕ್ಕ ಸರಕಾರಿ ಶಾಲೆಗಳಿಗೆ ತಟ್ಟೆಯಂತಹ ಗ್ರಾಹಕಯಂತ್ರಗಳೂ ದೂರದರ್ಶನದ ಪೆಟ್ಟಿಗೆಗಳೂ ಬಂದವು. ೨೦೧೦ರಲ್ಲಿ ಆ ಉಪಗ್ರಹದ ಆಯುಷ್ಯವು ತೀರಿತು.

ಆ ಪ್ರಯತ್ನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಂತರಜಾಲವು ಹಳ್ಳಿಯನ್ನು ಮುಟ್ಟದಿದ್ದ ಆ ಕಾಲಕ್ಕೆ ಅದು ಸಾಹಸವೇ ಸರಿ. ಆದರೆ ಪ್ರಸಾರವೆಂಬುದರ ಸ್ವಭಾವವೇ ಒಂದು ಬಗೆಯದು. ಪಾಠವು ನಿಯತವಾದ ಗಳಿಗೆಗೆ ಮೇಲಿನಿಂದ ಇಳಿಯುತ್ತದೆ. ಆ ಗಳಿಗೆಯಲ್ಲಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ವಿದ್ಯುತ್ತು ಹೋದರೆ ಪಾಠವೂ ಹೋಯಿತು. ಅದನ್ನು ನಡುವೆ ನಿಲ್ಲಿಸಲು, ತಿದ್ದಲು, ತನ್ನೂರಿನ ದೃಷ್ಟಾಂತವೊಂದನ್ನು ಅದಕ್ಕೆ ಸೇರಿಸಲು ಉಪಾಧ್ಯಾಯನಿಗೆ ಆಸ್ಪದವಿರಲಿಲ್ಲ. ಈಗ ಕಾಲವು ಬದಲಾಗಿದೆ. ಪಾಠವನ್ನು ರಚಿಸುವ, ಕೂಡಿಡುವ, ತಿದ್ದುವ, ಹಂಚುವ ಏರ್ಪಾಡುಗಳು ಹಲವು ಬಂದಿವೆ. ಇವುಗಳಲ್ಲಿ ಯಾವುದನ್ನು ಆರಿಸತಕ್ಕದ್ದೆಂಬುದು ಯಂತ್ರ ಬಲ್ಲವರು ಮಾತ್ರ ತೀರ್ಮಾನಿಸುವ ಸಂಗತಿಯೆಂದು ಹಲವರ ಭಾವನೆ. ನಾವು ಹಾಗೆ ತಿಳಿಯುವುದಿಲ್ಲ. ಪಾಠದ ಒಡೆತನವೇ ಇಲ್ಲಿ ಪಣಕ್ಕಿರುವುದು.

ಗುಂಡ್ಲುಪೇಟೆಯ ಬಾಲಕನಿಗೆ ವ್ಯಾಪಾರವೆಂದರೇನೆಂದು ತಿಳಿಸಲು ದೂರ ಹೋಗಬೇಕಾಗಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಓಣಂ ಹಬ್ಬಕ್ಕೆಂದು ಕೇರಳಕ್ಕೂ ಹೋಗುವ ಚೆಂಡುಹೂವಿನ ಹೊಲಗಳು ಅವನ ಕಣ್ಣೆದುರಿಗೇ ಇವೆ. ಬಂಡೀಪುರದ ಹೆದ್ದಾರಿಯಲ್ಲಿ ೨೦೦೯ರಿಂದ ರಾತ್ರಿಯ ಸಂಚಾರವು ನಿಷಿದ್ಧವಾಗಿರುವುದು ಕಾಡು, ಕಾನೂನು, ಜೀವನೋಪಾಯ ಮೂರನ್ನೂ ಕಲಿಸುವ ಪಾಠ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ೨೦೧೧ರಲ್ಲಿ ಅರಣ್ಯದ ಮೇಲಿನ ಸಮುದಾಯದ ಹಕ್ಕುಗಳು ದೊರೆತದ್ದೂ ಹಾಗೆಯೇ. ಇಂತಹ ಪಾಠಗಳನ್ನು ರಾಜಧಾನಿಯಲ್ಲಿ ಕುಳಿತವರು ಬರೆಯಲಾರರು. ಇಲ್ಲಿಯ ಉಪಾಧ್ಯಾಯರೇ ಬರೆಯಬೇಕು. ಬರೆದದ್ದು ಅವರ ಕೈಯಲ್ಲಿಯೇ ಉಳಿಯಬೇಕು.

ಮೊದಲು ಸರಕಾರದ ‘ದೀಕ್ಷಾ’ವನ್ನು ನೋಡೋಣ. ೨೦೧೭ರಲ್ಲಿ ಆರಂಭವಾದ ಇದರ ತಳಹದಿ ಬೆಂಗಳೂರಿನ ಏಕ್‌ಸ್ಟೆಪ್ ಸಂಸ್ಥೆಯು ರಚಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಚೌಕದ ಗುರುತನ್ನು ಫೋನಿಗೆ ತೋರಿಸಿದರೆ ಪಾಠವು ತೆರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಜಾಲವಿಲ್ಲದೆಡೆಯೂ ನಡೆಯುತ್ತದೆ. ಎಲ್ಲ ಮಕ್ಕಳನ್ನೂ ಮುಟ್ಟಲು ಇದಕ್ಕಿಂತ ವಿಶಾಲವಾದ ದಾರಿ ಬೇರಿಲ್ಲ. ಆದರೆ ಇಲ್ಲಿ ರಚನೆಯು ಪರಿಶೀಲಕರ ಒಪ್ಪಿಗೆಯನ್ನು ಪಡೆದೇ ಪ್ರಕಟವಾಗಬೇಕು. ಶುದ್ಧಿಗೆ ಅದು ಒಳ್ಳೆಯದು. ತಾಲ್ಲೂಕಿನ ಸಣ್ಣ ತಿದ್ದುಪಡಿಗೆ ನಿಧಾನದ್ದು. ಮೇಲಾಗಿ ೨೦೨೨ರಲ್ಲಿಯೂ ೨೦೨೩ರಲ್ಲಿಯೂ ಆದಂತೆ ಪಠ್ಯಪುಸ್ತಕಗಳೇ ಪರಿಷ್ಕಾರಗೊಂಡಾಗ, ಪುಟಕ್ಕೆ ಅಂಟಿಸಿದ ಪಾಠವು ಪುಟದೊಡನೆ ಅನಾಥವಾಗುವ ಭಯವಿದೆ.

ತಿದ್ದುವ ಸ್ವಾತಂತ್ರ್ಯಕ್ಕೆ ನಮ್ಮಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಕಾರದಿಂದ ೨೦೧೩ರಲ್ಲಿ ತೆರೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವು ವಿಕಿಪೀಡಿಯವನ್ನು ನಡೆಸುವ ತಂತ್ರಾಂಶದ ಮೇಲೆಯೇ ನಿಂತಿದೆ. ಯಾರು ಯಾವ ದಿನ ಯಾವ ಮಾತನ್ನು ತಿದ್ದಿದರೆಂಬುದು ಅಲ್ಲಿ ದಾಖಲಾಗುತ್ತದೆ. ತಪ್ಪಾಗಿ ತಿದ್ದಿದ್ದನ್ನು ಹಿಂದಿನಂತೆಯೇ ಮಾಡಬಹುದು. ಉಪಾಧ್ಯಾಯರ ಮೇಲೆ ಇಷ್ಟು ನಂಬಿಕೆಯಿಟ್ಟ ಏರ್ಪಾಡು ಮತ್ತೊಂದನ್ನು ನಾವು ಕಾಣೆವು. ಮಗುವು ಎಷ್ಟು ಕಲಿತಿತೆಂಬ ಲೆಕ್ಕವನ್ನು ಮಾತ್ರ ಅದು ಇಡಲಾರದು.

ಆ ಲೆಕ್ಕ ಬೇಕೆನ್ನುವವರಿಗೆ ‘ಮೂಡಲ್’ ಇದೆ. ಆಸ್ಟ್ರೇಲಿಯದ ಮಾರ್ಟಿನ್ ಡುಗಿಯಾಮಾಸ್ ಎಂಬವರು ೨೦೦೨ರಲ್ಲಿ ಹೊರತಂದ ಇದರಲ್ಲಿ ಪ್ರಶ್ನೆ, ಉತ್ತರ, ಅಂಕ ಎಲ್ಲಕ್ಕೂ ಅನುಕೂಲವಿದೆ. ಇಡೀ ಪಾಠಮಾಲೆಯನ್ನು ಒಂದೇ ಕಡತವಾಗಿ ಹೊರತೆಗೆದು ಬೇರೊಂದು ಮೂಡಲ್‌ಗೆ ಸಾಗಿಸಲೂ ಬರುತ್ತದೆ. ಆದರೆ ಅದನ್ನು ಕಾಪಾಡಲು ತಿಳಿದವನೊಬ್ಬನು ಬೇಕೇ ಬೇಕು. ಅಂತಹವನಿಗೆ ಸಂಬಳದ ಏರ್ಪಾಟು ಮಾಡದೆ ತಂತ್ರಾಂಶವು ಬಿಟ್ಟಿಯೆಂದು ಹಿಗ್ಗುವುದು ಎತ್ತಿಲ್ಲದೆ ಗಾಡಿ ಕೊಂಡಂತೆ. ಬಿಟ್ಟಿಯಾದದ್ದು ತಂತ್ರಾಂಶವೇ ಹೊರತು ದುಡಿಮೆಯಲ್ಲ.

ಹನೂರಿನ ಕಾಡಂಚಿನ ಹಾಡಿಗಳಿಗೆ ಇದಾವುದೂ ಸಾಲದು. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಫೋನಿಲ್ಲದ ಮಕ್ಕಳಿಗೆಂದು ‘ವಿದ್ಯಾಗಮ’ದ ಮೂಲಕ ಉಪಾಧ್ಯಾಯರೇ ಊರುಗಳಿಗೆ ನಡೆದರು. ಜಾಲವಿಲ್ಲದ ಎಡೆಗೆಂದೇ ರಚಿತವಾದ ‘ಕೊಲಿಬ್ರಿ’ ಎಂಬ ಮುಕ್ತ ತಂತ್ರಾಂಶವು ಶಾಲೆಯೊಳಗಿನ ಅಗ್ಗದ ಗಣಕವೊಂದರಿಂದ ಸುತ್ತಲಿನ ಫೋನುಗಳಿಗೂ ಫಲಕಗಳಿಗೂ ಪಾಠವನ್ನು ಒದಗಿಸುತ್ತದೆ. ಕೊಠಡಿಯೊಳಗೆ ತಂತಿಯಿಲ್ಲದ ಸಂಪರ್ಕವಿದ್ದರೆ ಸಾಕು.

ಇನ್ನು ಅಕ್ಷರದ ಮಾತು. ಹಳೆಯ ನುಡಿ, ಬರಹಗಳ ಸಂಕೇತದಲ್ಲಿ ಬೆರಳಚ್ಚಿಸಿದ ಎಷ್ಟೋ ಒಳ್ಳೆಯ ಪಾಠಗಳು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಹುಡುಕಿದರೆ ಸಿಕ್ಕುವುದಿಲ್ಲ. ಯೂನಿಕೋಡಿನಲ್ಲಿಲ್ಲದ ಕನ್ನಡವನ್ನು ಯಾವ ಏರ್ಪಾಡಿಗೂ ತುಂಬಬಾರದು. ರೂಪದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ೨೦೨೦ರ ಡಿಸೆಂಬರ್ ೩೧ಕ್ಕೆ ಅಡೋಬಿ ಕಂಪೆನಿಯು ‘ಫ್ಲ್ಯಾಶ್’ಗೆ ತನ್ನ ಬೆಂಬಲವನ್ನು ನಿಲ್ಲಿಸಿದೊಡನೆ, ಅದರಲ್ಲಿ ರಚಿತವಾಗಿದ್ದ ಚಲಿಸುವ ಚಿತ್ರಪಾಠಗಳು ಜಗತ್ತಿನಾದ್ಯಂತ ತೆರೆಯದ ಪೆಟ್ಟಿಗೆಗಳಾದವು. ಒಬ್ಬನೇ ಒಡೆಯನ ಬೀಗಕ್ಕೆ ನಮ್ಮ ವಿದ್ಯೆಯನ್ನು ಒಪ್ಪಿಸಿದರೆ ಬರುವ ಪಾಡು ಇದು. ನಾರ್ವೆಯಲ್ಲಿ ಹುಟ್ಟಿದ ‘ಎಚ್‌೫ಪಿ’ಯಂತಹ ಮುಕ್ತ ರೂಪದಲ್ಲಿ ಅಭ್ಯಾಸಗಳನ್ನು ರಚಿಸಿದರೆ ಅವು ಮೂಡಲ್‌ನಲ್ಲಿಯೂ ಕೊಲಿಬ್ರಿಯಲ್ಲಿಯೂ ನಡೆಯುತ್ತವೆ.

ಆದಕಾರಣ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಮೂಲಪಾಠವನ್ನು ವಿಕಿಯಲ್ಲಿಟ್ಟು, ದೀಕ್ಷಾವನ್ನೂ ಕೊಲಿಬ್ರಿಯನ್ನೂ ಹಂಚಿಕೆಗೆ ಬಳಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆದರೆ ನಮ್ಮ ಮಾತನ್ನಾಗಲಿ ಮಾರುವವರ ಮಾತನ್ನಾಗಲಿ ನಂಬಿ ಹಣವನ್ನು ವೆಚ್ಚಮಾಡಬೇಕಾಗಿಲ್ಲ. ಚೆಂಡುಹೂವಿನ ಪಾಠವೊಂದನ್ನು ಗುಂಡ್ಲುಪೇಟೆಯ ಉಪಾಧ್ಯಾಯಿನಿಯೊಬ್ಬರು ತಮ್ಮ ಫೋನಿನಲ್ಲಿಯೇ ಕನ್ನಡದಲ್ಲಿ ಬರೆಯಲಿ. ಮರುದಿನ ಮತ್ತೊಬ್ಬರು ಅದರ ಬೆಲೆಯ ಲೆಕ್ಕವನ್ನು ತಿದ್ದಲಿ. ಜಾಲವಿಲ್ಲದ ಶಾಲೆಯೊಂದರಲ್ಲಿ ಮಕ್ಕಳು ಅದನ್ನು ಓದಲಿ. ಆ ಬಳಿಕ ಪಾಠವನ್ನು ಆ ಏರ್ಪಾಡಿನಿಂದ ಹೊರತೆಗೆದು ಬೇರೊಂದಕ್ಕೆ ಹಾಕಲು ಮಾರುವವನನ್ನು ಕೇಳಲಿ. ಅವನು ಆಗ ಹೇಳುವ ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳತಕ್ಕದ್ದು.